ನಕ್ಷೆಯನ್ನು ತಿದ್ದಬೇಕಾದವರು

1799ರಲ್ಲಿ ಶ್ರೀರಂಗಪಟ್ಟಣದ ಪತನಾನಂತರ ಮೈಸೂರು ಮತ್ತೆ ರಾಜಧಾನಿಯಾಯಿತು. ಅದೇ ವರ್ಷ ಸಂಸ್ಥಾನದ ನೆಲವನ್ನೆಲ್ಲ ಅಳೆದು ನಕ್ಷೆ ಬರೆಯುವ ಹೊಣೆ ಕಾಲಿನ್ ಮೆಕೆಂಜಿಯ ಹೆಗಲೇರಿತು. ಕಾಡುಜ್ವರದ ಕಾಟದ ನಡುವೆಯೇ ಆತನ ತಂಡ ವರ್ಷಗಟ್ಟಲೆ ದುಡಿದು ಸುಮಾರು 40,000 ಚದರ ಮೈಲಿಗಳ ಮೋಜಣಿ ನಡೆಸಿತು. ಉದ್ದೇಶವೇನೋ ಕಂಪನಿಯ ಆಡಳಿತ ಮತ್ತು ಕಂದಾಯದ್ದೇ. ಆದರೂ ಬೆಟ್ಟ–ಹೊಳೆಗಳ ಜೊತೆಗೆ ಕೆರೆ, ಬೆಳೆ, ಕಸುಬು, ಶಾಸನ ಮತ್ತು ಊರವರು ಹೇಳಿದ ಚರಿತ್ರೆಯೂ ದಾಖಲಾದವು. ಊರವರನ್ನು ಕೇಳದೆ ನೆಲ ಅರ್ಥವಾಗದೆಂಬುದು ಆ ಕಾಲಕ್ಕೇ ಮನವರಿಕೆಯಾಗಿತ್ತು.

ಆ ಪಾಠ ಇಂದು ಮರೆತುಹೋಗಿದೆ. 2013ರಲ್ಲಿ ಕಸ್ತೂರಿರಂಗನ್ ನೇತೃತ್ವದ ಕಾರ್ಯತಂಡ ಪಶ್ಚಿಮಘಟ್ಟದ ಸೂಕ್ಷ್ಮ ಪ್ರದೇಶಗಳನ್ನು ಉಪಗ್ರಹಚಿತ್ರಗಳ ನೆರವಿನಿಂದ ಗುರುತಿಸಿತು. ಅದರ ಒಂದೊಂದು ಚುಕ್ಕೆಯೂ ನೆಲದ ಮೇಲೆ 24 ಮೀಟರ್ ಅಗಲದ್ದು. ಗ್ರಾಮವೊಂದರ ಶೇಕಡಾ 20ರಷ್ಟು ಭಾಗ ಸೂಕ್ಷ್ಮವೆಂದು ಕಂಡರೆ ಇಡೀ ಗ್ರಾಮವೇ ಪಟ್ಟಿಗೆ ಸೇರಿತು. ತೋಟ ಯಾವುದು, ಕಾಡು ಯಾವುದು ಎಂಬ ರೈತರ ಆತಂಕ ಹುಟ್ಟಿದ್ದು ಇಲ್ಲಿ. ಅದಕ್ಕೆ ಉತ್ತರ ಸ್ಥಳಪರಿಶೀಲನೆಯೇ ಹೊರತು ಸಾರಾಸಗಟು ನಿರಾಕರಣೆಯಲ್ಲ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ–ಚೂರಲ್‌ಮಲ ಕುಸಿದು ನೂರಾರು ಜೀವಗಳು ಮಣ್ಣುಪಾಲಾದವು. ಮರುದಿನ ಕೇಂದ್ರವು ಆರನೆಯ ಕರಡು ಅಧಿಸೂಚನೆ ಹೊರಡಿಸಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿತ್ತು. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವಸಂಪುಟ ವರದಿಯನ್ನು ತಿರಸ್ಕರಿಸಿತು. ಅದೇ ವಯನಾಡಿನಲ್ಲಿ ಹುಟ್ಟುವ ಕಬಿನಿ, ಹೆಗ್ಗಡದೇವನಕೋಟೆಯನ್ನು ಹಾದು ಬಂದು ಮೈಸೂರಿನ ನಲ್ಲಿಗಳಿಗೂ ನೀರುಣಿಸುತ್ತದೆ. ಬೆಟ್ಟದ ಪ್ರಶ್ನೆ ಬೆಟ್ಟದವರಿಗಷ್ಟೇ ಸೇರಿದ್ದೆಂದು ನಗರ ಸುಮ್ಮನಿರುವಂತಿಲ್ಲ.

ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ಅರ್ಧ ಕಿಲೋಮೀಟರ್. ಸಮೋನ್ನತ ರೇಖೆಗಳ ನಡುವಣ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್. ರೇಖೆಗಳು ಒತ್ತೊತ್ತಾಗಿದ್ದಲ್ಲಿ ಇಳಿಜಾರು ಕಡಿದು ಎಂಬುದನ್ನು ಶಾಲಾ ಬಾಲಕನೂ ಓದಬಲ್ಲ. ಆದರೆ ರೆಸಾರ್ಟಿಗೆಂದು ಹತ್ತಡಿ ಕಡಿದ ದರೆ, ಮುಚ್ಚಿಹೋದ ಒರತೆ, ಮಣ್ಣು ತುಂಬಿದ ಹಳ್ಳದ ಜಾಡು ಅಲ್ಲಿ ಕಾಣವು. ಅವನ್ನು ಬಲ್ಲವರು ಆ ಊರವರು ಮಾತ್ರ.

ಆದುದರಿಂದ ಗ್ರಾಮಸಭೆಗಳೂ ಜೀವವೈವಿಧ್ಯ ನಿರ್ವಹಣಾ ಸಮಿತಿಗಳೂ ನಕ್ಷೆಯನ್ನು ತರಿಸಿಕೊಂಡು, ಗುಡ್ಡ ಸುತ್ತಿ, ತೋಟವನ್ನು ತೋಟವೆಂದು, ಕಾಡನ್ನು ಕಾಡೆಂದು, ಬಿರುಕನ್ನು ಬಿರುಕೆಂದು ಬರೆದಿಡಬೇಕು. ಸರ್ಕಾರ ಆ ತಿದ್ದುಪಡಿಗೆ ಶಾಸನಬದ್ಧ ಮನ್ನಣೆ ನೀಡಬೇಕು. ಈ ಕೆಲಸ ಮುಂದಿನ ಮುಂಗಾರಿಗೆ ಮುನ್ನ ಆರಂಭವಾಗಲಿ.