ಸ್ನೇಹಿತರು ಕದ್ದರೂ ಕಳವೇ



ಪಿ.ಜಿ.ಯಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳತಿಯೇ ನನ್ನ ತಂಗಿಯ ಚಿನ್ನದ ಸರ ಕದ್ದಳು. ದೂರು ಕೊಡಲು ಹೋದರೆ ಠಾಣೆಯಲ್ಲಿ, ‘ಫ್ರೆಂಡ್ಸ್ ತಾನೇ, ನೀವೇ ಮಾತಾಡಿ ಬಗೆಹರಿಸಿಕೊಳ್ಳಿ’ ಎಂದು ಸಾಗಹಾಕಿದರು.

ಕಾನೂನು ಹಾಗೆ ಹೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303ರ ಪ್ರಕಾರ ಕಳವಿಗೆ 3 ವರ್ಷದವರೆಗೆ ಜೈಲು. ವಾಸದ ಮನೆಯೊಳಗೆ ಕದ್ದರೆ, ಸೆಕ್ಷನ್ 305ರಡಿ, 7 ವರ್ಷದವರೆಗೆ. ನಂಬಿ ಕೊಟ್ಟ ಲ್ಯಾಪ್‌ಟಾಪನ್ನು ಮಾರಿಕೊಂಡರೆ ಅದು ಸೆಕ್ಷನ್ 316ರ ನಂಬಿಕೆ ದ್ರೋಹ. ಗೆಳೆತನಕ್ಕೆ ಎಲ್ಲೂ ರಿಯಾಯಿತಿ ಇಲ್ಲ.

ಠಾಣೆಯಲ್ಲಿ ಎಫ್‌ಐಆರ್ ದಾಖಲಿಸದಿದ್ದರೆ ದೂರನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು. ಒಡವೆಯ ರಸೀದಿ, ಅದನ್ನು ತೊಟ್ಟ ಫೋಟೊ, ಮೊಬೈಲಿನ ಐಎಂಇಐ ಸಂಖ್ಯೆ ಜೋಪಾನವಾಗಿರಲಿ. ‘ಮುಂದಿನ ತಿಂಗಳು ವಾಪಸ್ ಕೊಡ್ತೀನಿ, ಯಾರಿಗೂ ಹೇಳಬೇಡ’ ಎಂಬಂಥ ವಾಟ್ಸ್‌ಆ್ಯಪ್ ಸಂದೇಶವನ್ನು ಸಿಟ್ಟಿನಲ್ಲಿ ಅಳಿಸಬೇಡಿ. ಅದೇ ದೊಡ್ಡ ಸಾಕ್ಷಿ. ಗೆಳತಿಯ ಪೆಟ್ಟಿಗೆಯನ್ನು ತಾವೇ ಒಡೆದು ಹುಡುಕುವುದಂತೂ ಬೇಡವೇ ಬೇಡ, ಕೇಸು ತಿರುಗಿ ನಮ್ಮ ಮೇಲೇ ಬೀಳಬಹುದು.

ಕೆಲವು ಕಳವು ಪ್ರಕರಣಗಳಲ್ಲಿ ರಾಜಿಗೆ ಕಾನೂನಿನಲ್ಲೂ ಅವಕಾಶವಿದೆ, ಸರಿ. ಆದರೆ ರಾಜಿ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ವಸ್ತು ಕಳೆದುಕೊಂಡವರು, ಪೊಲೀಸರಲ್ಲ. ಇಂಥ ದೂರುಗಳನ್ನು ಸ್ವೀಕರಿಸಿ ಸ್ವೀಕೃತಿ ಕೊಡುವಂತೆ ಮೇಲಧಿಕಾರಿಗಳು ಠಾಣೆಗಳಿಗೆ ಸೂಚಿಸಬೇಕು.

– ಓದುಗ, ಬೆಂಗಳೂರು