ಎಂಆರ್‌ಐ ಯಂತ್ರಕ್ಕೆ ಬೇಕಾದ ದೋಷ

‘ಸರ್, ಅತಿವಾಹಕ ಕಾಂತಕ್ಷೇತ್ರವನ್ನ ಒಳಗೇ ಬಿಟ್ಕೊಳ್ಳಲ್ಲ ಅಂತೀರಿ. ಮತ್ತೆ ಎಂಆರ್‌ಐ ಅಯಸ್ಕಾಂತವನ್ನ ಅದರಿಂದಲೇ ಹೇಗೆ ಮಾಡ್ತಾರೆ?’

ಭದ್ರಾವತಿಯ ನ್ಯೂಟೌನ್‌ನಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಬರುವ ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಇದು. ಅಡ್ಡಿಯಿಲ್ಲದೆ ವಿದ್ಯುತ್ ಹರಿಸುವ ಅತಿವಾಹಕ ಕಾಂತಕ್ಷೇತ್ರವನ್ನು ಹೊರದಬ್ಬುವ ಈ ಮೈಸ್ನರ್ ಪರಿಣಾಮವನ್ನು ದ್ವಿತೀಯ ಪಿಯು ಪುಸ್ತಕ ಚುಟುಕಾಗಿ ಹೇಳಿ ಮುಂದೆ ಸಾಗುತ್ತದೆ. ಉತ್ತರ ಅಲ್ಲಿಲ್ಲ, ಇರಬೇಕು ಎಂಬುದು ನನ್ನ ವಾದ.

ಎಂಆರ್‌ಐ ಯಂತ್ರದ ಸುರುಳಿ ನಿಯೋಬಿಯಂ-ಟೈಟಾನಿಯಂ ತಂತಿಯದು. ದ್ರವ ಹೀಲಿಯಂನಲ್ಲಿ ಮೈನಸ್ 269 ಡಿಗ್ರಿಗೆ ತಣಿದಿರುತ್ತದೆ. ಕ್ಷೇತ್ರ ಬಲವಾದಾಗ ಕಾಂತೀಯತೆ ಈ ಲೋಹದೊಳಕ್ಕೆ ಸಣ್ಣ ಸಣ್ಣ ಸುಳಿಗಳಾಗಿ ನುಗ್ಗುತ್ತದೆ. 1957ರಲ್ಲಿ ಭೌತವಿಜ್ಞಾನಿ ಅಬ್ರಿಕೊಸೊವ್ ವಿವರಿಸಿದ್ದು ಇದನ್ನೇ. ವಿದ್ಯುತ್ ಹರಿಯುವಾಗ ಸುಳಿಗಳು ಜರುಗಿದರೆ ಬಿಸಿ ಹುಟ್ಟಿ ಅತಿವಾಹಕತೆಯೇ ಕೆಡುತ್ತದೆ. ಅವು ಜರುಗದಂತೆ ಹಿಡಿದಿಡುವುದು ಲೋಹದೊಳಗಿನ ದೋಷಗಳು. ಅದಕ್ಕಾಗಿಯೇ ತಂತಿಯನ್ನು ಎಳೆದು, ಸುಮಾರು 400 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ, ಮತ್ತೆ ಎಳೆದು, ಟೈಟಾನಿಯಂ ಕಣಗಳು ಒಳಗೇ ಬೇರ್ಪಡುವಂತೆ ಮಾಡುತ್ತಾರೆ. ದೋಷವೇ ಇಲ್ಲದ ತಂತಿಯಿಂದ ಎಂಆರ್‌ಐನ 1.5 ಟೆಸ್ಲಾ ಅಯಸ್ಕಾಂತ ಆಗದು.

ಹಾಗೆಂದು ಎಲ್ಲ ಬೆರಕೆಯೂ ಒಳ್ಳೆಯದಲ್ಲ. ಕಬ್ಬಿಣದ ಪರಮಾಣುವಿಗೆ ತನ್ನದೇ ಕಾಂತೀಯತೆಯಿದೆ. ಅತಿವಾಹಕತೆಗೆ ಆಧಾರವಾದ ಎಲೆಕ್ಟ್ರಾನ್ ಜೋಡಿಗಳನ್ನು ಅದು ಒಡೆಯುತ್ತದೆ. ಮಾಲಿಬ್ಡಿನಂ ಅತಿವಾಹಕ ಎಂದು ಗೊತ್ತಾದದ್ದೇ 1962ರಲ್ಲಿ, ಅದರೊಳಗಿನ ಲವಲೇಶ ಕಬ್ಬಿಣವನ್ನೂ ತೆಗೆದ ಮೇಲೆ!

ಯಾವ ಬೆರಕೆ, ಎಷ್ಟು, ಎಲ್ಲಿ ಎಂಬ ಈ ವಿವೇಚನೆ ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಕಬ್ಬಿಣ ತಯಾರಿಕೆ ಶುರುಮಾಡಿ, ಮುಂದೆ ಮಿಶ್ರಲೋಹದ ಉಕ್ಕಿಗೆ ಹೆಸರಾದ ಊರದು. ಅಲ್ಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿದ್ದ ನನ್ನ ಅಪ್ಪ ಉಕ್ಕಿನ ತುಂಡೊಂದನ್ನು ಕನ್ನಡಿಯಂತೆ ಉಜ್ಜಿ, ನೈಟ್ರಿಕ್ ಆಮ್ಲದ ದ್ರಾವಣ ಸವರಿ, ಸೂಕ್ಷ್ಮದರ್ಶಕದಡಿ ತೋರಿಸಿದ್ದರು. ಹರಳುಗಳ ಗಡಿಗಳು ಕಪ್ಪು ಗೆರೆಗಳಾಗಿ ಎದ್ದು ಕಂಡವು. ಲೋಹದ ಬಲ, ದೌರ್ಬಲ್ಯ ಎರಡೂ ಆ ಗೆರೆಗಳಲ್ಲಿವೆ ಎಂದರು. ಘನಸ್ಥಿತಿ ಭೌತಶಾಸ್ತ್ರದ ಯಾವ ಉಪನ್ಯಾಸವೂ ನನಗೆ ಅಷ್ಟು ಕಲಿಸಿಲ್ಲ.

ನಮ್ಮ ಮಕ್ಕಳಿಗೆ ಲೋಹದೊಳಗಿನ ಈ ದೋಷಗಳನ್ನು ತೋರಿಸಲು ಹೀಲಿಯಂ ಬೇಕಿಲ್ಲ, ಉಜ್ಜಿದ ಉಕ್ಕಿನ ತುಂಡು ಮತ್ತು ಸೂಕ್ಷ್ಮದರ್ಶಕ ಸಾಕು. ನೆರವು ಕೇಳಲು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಹತ್ತಿರದಲ್ಲೇ ಇದೆ. ಲೋಹಶಾಸ್ತ್ರ ಬಲ್ಲ ನಿವೃತ್ತ ಕಾರ್ಮಿಕರು ಭದ್ರಾವತಿಯಲ್ಲಿದ್ದಾರೆ. ಶಿವಮೊಗ್ಗದ ಕಾಲೇಜುಗಳು ಅವರನ್ನು ಈ ವರ್ಷವೇ ತರಗತಿಗೆ ಕರೆಸಲಿ.