ಹಿತ್ತಲ ಪಂಪಿನ ಇಪ್ಪತ್ತು ವರ್ಷ

ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯಲ್ಲಿ ನಾವು ಮನೆ ಕೊಂಡ ಹೊಸತರಲ್ಲಿ ಹಿತ್ತಲಿನ ಈಜುಕೊಳದ ಪಂಪು ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಸಂಜೆ ನಾಲ್ಕರವರೆಗೆ ಒಂದೇ ಸಮನೆ ಅರಚುತ್ತಿತ್ತು. ಅದಕ್ಕೆ ಗೊತ್ತಿದ್ದದ್ದು ಎರಡೇ: ಸುಮ್ಮನೆ ನಿಲ್ಲುವುದು, ಇಲ್ಲವೇ ನಿಮಿಷಕ್ಕೆ 3450 ಸುತ್ತು ತಿರುಗುವುದು. ಅಡುಗೆಮನೆಯ ಕಿಟಕಿ ತೆರೆದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುತ್ತಿರಲಿಲ್ಲ. ಇವತ್ತು ಅದೇ ಕಟ್ಟೆಯ ಮೇಲಿರುವ ಪಂಪು ಓಡುತ್ತಿದೆಯೋ ಇಲ್ಲವೋ ತಿಳಿಯಬೇಕಾದರೆ ಅಂಗೈ ಇಟ್ಟು ನೋಡಬೇಕು. ನಡುವೆ ಸುಮಾರು ಇಪ್ಪತ್ತು ವರ್ಷ ಕಳೆದಿದೆ. ಗಳಿಸಿದ್ದೆಷ್ಟು, ಕೈತಪ್ಪಿದ್ದೆಷ್ಟು ಎಂದು ಒಮ್ಮೆ ತಿರುಗಿ ನೋಡುವ ಹೊತ್ತು ಇದು.

ಬದಲಾವಣೆ ಬಂದದ್ದು ಕಾನೂನಿನ ದಾರಿಯಿಂದ. 2006ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಕರೆಂಟು ತಿನ್ನುವ ಹಳೆಯ ಬಗೆಯ ಮೋಟಾರುಗಳನ್ನು ಕೊಳದ ಪಂಪುಗಳಿಂದ ಹೊರಗಿಟ್ಟಿತು. 2008ರಿಂದ 1 ಅಶ್ವಶಕ್ತಿ ಮತ್ತು ಅದಕ್ಕೂ ದೊಡ್ಡ ಮೋಟಾರಿಗೆ ಕನಿಷ್ಠ ಎರಡು ವೇಗ ಇರಲೇಬೇಕು ಎಂದಿತು. ಅದೇ ನಿಯಮದಲ್ಲಿ ಹೆಚ್ಚು ಜನ ಓದದ ಇನ್ನೊಂದು ಮಾತಿತ್ತು. ನಿಯಂತ್ರಕದ ಮೂಲ ವೇಗ ಮೋಟಾರಿನ ಪೂರ್ಣ ವೇಗದ ಅರ್ಧವನ್ನು ಮೀರಬಾರದು. ಯಾರಾದರೂ ಏರಿಸಿದರೆ 24 ಗಂಟೆಯೊಳಗೆ ಅದು ತಾನೇ ಇಳಿಯಬೇಕು. ಮನುಷ್ಯ ಮರೆಯುತ್ತಾನೆ ಎಂಬುದನ್ನು ಗಮನದಲ್ಲಿಟ್ಟುಕೊಂಡು ಬರೆದ ಆ ಸಾಲಿನ ಮೇಲೆ ನನಗೆ ಇಂದಿಗೂ ಗೌರವವಿದೆ. 2021ರ ಜುಲೈ 19ರಿಂದ ಇಡೀ ಅಮೆರಿಕಕ್ಕೆ ಕೇಂದ್ರ ಸರ್ಕಾರದ ದಕ್ಷತಾ ನಿಯಮ ಬಂತು. ದೊಡ್ಡ ಪಂಪುಗಳ ಮಟ್ಟಿಗೆ ಬದಲಾಗುವ ವೇಗದ ಮೋಟಾರೇ ಗತಿಯಾಯಿತು.

ಇಷ್ಟಕ್ಕೆಲ್ಲ ಆಧಾರ ಒಂದು ಸರಳ ಲೆಕ್ಕ. ಪಂಪಿನ ವೇಗ ಅರ್ಧಕ್ಕಿಳಿದರೆ ನೀರಿನ ಹರಿವು ಅರ್ಧವಾಗುತ್ತದೆ, ಒತ್ತಡ ಕಾಲು ಭಾಗವಾಗುತ್ತದೆ, ಬೇಕಾಗುವ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಅಷ್ಟೇ ನೀರು ತಿರುಗಿಸಲು ಎರಡರಷ್ಟು ಹೊತ್ತು ಓಡಿಸಿದರೂ ಖರ್ಚಾಗುವುದು ಕಾಲು ಭಾಗ ವಿದ್ಯುತ್ತು. ನಮ್ಮ ಕೊಳದಲ್ಲಿ ಸುಮಾರು 75,000 ಲೀಟರ್ ನೀರಿದೆ. ಹಳೆಯ ಪಂಪು 2 ಕಿಲೋವ್ಯಾಟ್ ಎಳೆದು ಎಂಟು ಗಂಟೆಯಲ್ಲಿ 16 ಯೂನಿಟ್ ತಿನ್ನುತ್ತಿತ್ತು. ಹೊಸದನ್ನು 1725ಕ್ಕೆ ಇಳಿಸಿದಾಗ ಪುಸ್ತಕದ ಪ್ರಕಾರ 250 ವ್ಯಾಟ್ ಬರಬೇಕಿತ್ತು, ಮೀಟರು 300 ತೋರಿಸಿತು. ಮೋಟಾರೂ ಅದರ ಡ್ರೈವೂ ತಮ್ಮ ಪಾಲು ಹಿಡಿದುಕೊಂಡೇ ಕೊಡುತ್ತವೆ. ಆದರೂ ಹದಿನಾರು ಗಂಟೆ ಓಡಿ ದಿನಕ್ಕೆ ಐದು ಯೂನಿಟ್ ದಾಟದು.

ಈ ಲೆಕ್ಕ ಕೇಳಿ ತುಮಕೂರಿನ ನನ್ನ ಅಣ್ಣ, ತನ್ನ ತೋಟದ ಬೋರ್‌ವೆಲ್‌ಗೂ ಇಂಥದೇ ಹಾಕಿಸಿದರೆ ಹೇಗೆ ಎಂದ. ಅಲ್ಲಿ ಈ ಲೆಕ್ಕ ಹಾಗೇ ನಡೆಯುವುದಿಲ್ಲ. ಕೊಳದ ನೀರು ಎಲ್ಲಿಂದ ಹೊರಟಿತೋ ಅದೇ ಮಟ್ಟಕ್ಕೆ ಮರಳುತ್ತದೆ. ಪಂಪು ಹೋರಾಡುವುದು ಪೈಪು, ಫಿಲ್ಟರುಗಳ ತಡೆಯೊಂದಿಗೆ ಮಾತ್ರ. ಬೋರ್‌ವೆಲ್ಲಿನ ಪಂಪು ನೂರಾರು ಅಡಿ ಆಳದಿಂದ ನೀರೆತ್ತಬೇಕು. ಅದರ ವೇಗ ಒಂದು ಹಂತಕ್ಕಿಂತ ಇಳಿದರೆ ಮೋಟಾರು ತಿರುಗುತ್ತಲೇ ಇರುತ್ತದೆ, ಮೇಲೆ ಹನಿ ನೀರೂ ಬಾರದು. ಬಿಸಿಲು ಮಂದವಾದಾಗ ಸೌರ ಪಂಪ್‌ಸೆಟ್ಟಿನ ಕೊಳವೆ ಒಣಗುವುದನ್ನು ನೋಡಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳದಲ್ಲೂ ಇದರ ಒಂದು ತುಣುಕು ಉಂಟು. ಚಾವಣಿಯ ಮೇಲೆ ಸೌರ ಹೀಟರ್ ಇದ್ದರೆ ನೀರು ಅಲ್ಲಿಗೆ ಹತ್ತುವ ತನಕ ಜೋರಾಗಿ ನೂಕಬೇಕು. ಪೈಪು ತುಂಬಿಕೊಂಡ ಮೇಲಷ್ಟೇ ನಿಧಾನ.

ಹಾಗಾದರೆ ತಪ್ಪಿದ್ದೆಲ್ಲಿ? ವೇಗವನ್ನು ಆರಿಸುವಲ್ಲಿ. ಮೋಟಾರು ನಿಧಾನವಾಗಿ ತಿರುಗಲು ಕಲಿಯಿತು, ಎಷ್ಟು ನಿಧಾನ ಎಂಬುದನ್ನು ನಾವು ಕಲಿಯಲಿಲ್ಲ. ಪಂಪು ಕೂರಿಸಿದವರು ಮತ್ತೆ ದೂರು ಬಾರದಿರಲೆಂದು 2800, 3000ಕ್ಕೆ ಇಟ್ಟು ಹೋದ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸ್ವಯಂಚಾಲಿತ ವ್ಯವಸ್ಥೆ ಬಂದ ಮೇಲೆ ಗಂಟು ಇನ್ನಷ್ಟು ಬಿಗಿಯಾಯಿತು. ಕೊಳಕ್ಕೊಂದು ವೇಗ, ಸ್ಪಾಗೊಂದು, ನೀರಿನ ಝರಿಗೊಂದು, ತಳ ಗುಡಿಸುವ ಯಂತ್ರಕ್ಕೊಂದು. ಒಂದಕ್ಕಿಂತ ಹೆಚ್ಚು ಒಟ್ಟಿಗೆ ಚಾಲೂ ಆದರೆ ಅನೇಕ ನಿಯಂತ್ರಕಗಳು ಅವುಗಳಲ್ಲಿ ಅತಿ ಹೆಚ್ಚಿನ ವೇಗವನ್ನೇ ಪಂಪಿಗೆ ಕೊಡುತ್ತವೆ. ಹೀಟರಿಗೋ ಝರಿಗೋ ನೀರು ಸಾಲದೆ ಹೋಗಬಾರದಲ್ಲ, ಆದ್ದರಿಂದ ನಿಯಮ ಸರಿಯೇ. ಆದರೆ ಮಕ್ಕಳು ಹಚ್ಚಿ ಮರೆತ ಒಂದು ಝರಿ ಸಾಕು, ರಾತ್ರಿಯಿಡೀ ಪಂಪು 3000ದಲ್ಲೇ ಓಡುತ್ತದೆ. ಚಳಿಗಾಲದಲ್ಲಿ ಪೈಪು ಹೆಪ್ಪುಗಟ್ಟದಂತೆ ಕಾಯುವ ವ್ಯವಸ್ಥೆಯದೂ ಇದೇ ಕಥೆ. ನಮ್ಮಲ್ಲಿ ಅದಕ್ಕೆ ಯಾರೋ 3100 ಎಂದು ಬರೆದಿಟ್ಟಿದ್ದರು. ನೀರು ನಿಲ್ಲದೆ ಹರಿಯುತ್ತಿದ್ದರೆ ಸಾಕಾದ ಕೆಲಸ ಅದು. ಈಗ 1500ರಲ್ಲಿ ನಡೆಯುತ್ತಿದೆ.

ಎದುರು ದಿಕ್ಕಿನ ತಪ್ಪನ್ನು ಮಾಡಿದವನು ನಾನೇ. ನಿಧಾನದ ರುಚಿ ಹತ್ತಿ ವೇಗವನ್ನು 1200ಕ್ಕೆ ಇಳಿಸಿದೆ. ಎರಡು ದಿನ ನಿಂತು ನೋಡಿದೆ. ಸ್ಕಿಮ್ಮರ್ ಎಲೆ ಎಳೆಯುತ್ತಿತ್ತು, ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸುವ ಸೆಲ್ಲಿನ ಹಸಿರು ದೀಪ ಉರಿಯುತ್ತಿತ್ತು. ನಿಶ್ಚಿಂತೆಯಿಂದ ಜುಲೈಯಲ್ಲಿ ಮೈಸೂರಿಗೆ ಹೋದೆವು. ಮೂರು ವಾರ ಬಿಟ್ಟು ಬಂದಾಗ ಕೊಳ ಕೆರೆಯಂತಾಗಿತ್ತು, ಮೆಟ್ಟಿಲ ತುಂಬ ಪಾಚಿ. ಪಂಪು ಹೇಳಿದಂತೆಯೇ 1200ರಲ್ಲಿ ತಿರುಗುತ್ತಿತ್ತು. ಆದರೆ ಸುತ್ತಿನ ಸಂಖ್ಯೆ ಬೇರೆ, ಹರಿವು ಬೇರೆ. ಫಿಲ್ಟರಿನಲ್ಲಿ ಕೊಳೆ ಕಟ್ಟಿದ ಹಾಗೆ ಅದೇ 1200ಕ್ಕೆ ಸಿಗುವ ನೀರು ಕಡಿಮೆಯಾಗುತ್ತ ಹೋಗಿದೆ. ಒಂದು ದಿನ ಹರಿವು ಸಾಲದೆಂದು ಸೆಲ್ಲು ತನ್ನನ್ನು ತಾನೇ ನಿಲ್ಲಿಸಿಕೊಂಡಿದೆ. ಅದು ಮಾಡಿದ್ದು ಸರಿಯೇ, ನೀರು ಹರಿಯದೆ ಸೆಲ್ಲು ಓಡಬಾರದು. ತೊಳೆದ ಫಿಲ್ಟರಿನ ಮೇಲೆ ಅಳೆದ ವೇಗವನ್ನು ಕೊಳೆಯಾದ ಫಿಲ್ಟರಿಗೂ ಸಾಕೆಂದು ನಂಬಿದ್ದು ನನ್ನ ತಪ್ಪು. ಇನ್ನೊಂದು ಪಾಠವೂ ಆಗ ಸಿಕ್ಕಿತು. ಕಡಿಮೆ ವೇಗದಲ್ಲಿ ಫಿಲ್ಟರಿನ ಒತ್ತಡದ ಮುಳ್ಳು ಏಳುವುದೇ ಇಲ್ಲ, ಅದನ್ನು ನೋಡಿ ಫಿಲ್ಟರ್ ತೊಳೆಯುವ ಹಳೆಯ ಅಭ್ಯಾಸ ಕೈಕೊಡುತ್ತದೆ. ಈಗ ಪ್ರತಿ ಭಾನುವಾರ ಪಂಪನ್ನು ಎರಡು ನಿಮಿಷ 2600ಕ್ಕೆ ಏರಿಸಿ ಮುಳ್ಳು ಎಲ್ಲಿದೆ ಎಂದು ಬರೆದುಕೊಳ್ಳುತ್ತೇನೆ.

ಹೊತ್ತಿನ ವಿಷಯವೂ ತಲೆಕೆಳಗಾಗಿದೆ. ಹಿಂದೆ ಎಲ್ಲರ ಬಾಯಲ್ಲೂ ಒಂದೇ ಬುದ್ಧಿಮಾತು: ಪಂಪನ್ನು ರಾತ್ರಿ ಓಡಿಸಿ, ಕರೆಂಟು ಅಗ್ಗ. ಈಗ ಕ್ಯಾಲಿಫೋರ್ನಿಯಾದಲ್ಲಿ ನಡುಹಗಲು ಸೌರವಿದ್ಯುತ್ತು ಚೆಲ್ಲಾಡುತ್ತದೆ, ದುಬಾರಿಯಾಗಿರುವುದು ಸಂಜೆ. ದೊಡ್ಡ ವಿದ್ಯುತ್ ಕಂಪನಿಗಳ ದರಪಟ್ಟಿಯಲ್ಲಿ 4ರಿಂದ 9 ಗಂಟೆಯ ಯೂನಿಟ್ಟಿಗೇ ಹೆಚ್ಚು ಬೆಲೆ. ಕ್ಲೋರಿನ್ನನ್ನು ಸುಡುವುದೂ ಬಿಸಿಲೇ ಆದ್ದರಿಂದ ಸೆಲ್ಲು ಹಗಲಲ್ಲಿ ಓಡುವುದು ನೀರಿಗೂ ಒಳ್ಳೆಯದು. ರಾಜ್ಯದ ಹೊಸ ನಿಯಮದಂತೆ 2025ರ ಸೆಪ್ಟೆಂಬರ್ ಕೊನೆಯಿಂದ ತಯಾರಾಗುವ ನಿಯಂತ್ರಕಗಳು ದುಬಾರಿ ಹೊತ್ತನ್ನು ತಪ್ಪಿಸುವ ವೇಳಾಪಟ್ಟಿಯೊಂದಿಗೇ ಬರಬೇಕು. ಆದರೆ ಗೋಡೆಯ ಮೇಲೆ ಈಗಾಗಲೇ ಇರುವ ಪೆಟ್ಟಿಗೆಗಳಿಗೆ ಅದು ತಾಗುವುದಿಲ್ಲ. ಹತ್ತು ವರ್ಷದ ಹಿಂದೆ ತುಂಬಿದ ರಾತ್ರಿಯ ವೇಳೆಯಲ್ಲೇ ಅವು ಇಂದಿಗೂ ದುಡಿಯುತ್ತಿವೆ. ಅದನ್ನು ಮನೆಯವರೇ ಬದಲಿಸಬೇಕು.

ಸುರಕ್ಷತೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ತಳದ ಜಾಲರಿಯ ಸೆಳೆತಕ್ಕೆ ಮಕ್ಕಳು ಸಿಕ್ಕಿಬೀಳುವ ದುರಂತಗಳ ನಂತರ ಅಮೆರಿಕ 2007ರಲ್ಲಿ ಅಂಥ ಜಾಲರಿಗಳಿಗಾಗಿ ಕಾನೂನು ಮಾಡಿತು. ನಿಧಾನದ ಪಂಪಿನ ಸೆಳೆತ ಕಡಿಮೆ ನಿಜ. ಆದರೆ ಇಂದಿನ ಪಂಪು ಊರಾಚೆಯ ಒಂದು ಫೋನಿನಿಂದಲೂ ಕ್ಷಣದಲ್ಲಿ ಪೂರ್ಣ ವೇಗಕ್ಕೆ ಏರಬಲ್ಲದು. ಆದ್ದರಿಂದ ಜಾಲರಿ ತಾಳಿಕೊಳ್ಳಬೇಕಾದದ್ದು ದಿನನಿತ್ಯದ ಹರಿವನ್ನಲ್ಲ, ಗರಿಷ್ಠ ಹರಿವನ್ನು. ನಮ್ಮ ನಿಯಂತ್ರಕದಲ್ಲಿ 2900ರ ಮೇಲೆ ಹೋಗದಂತೆ ಕಟ್ಟು ಹಾಕಿದ್ದೇನೆ.

ಪಂಪು ಕೂರಿಸುವವರಲ್ಲಿ ನನ್ನದೊಂದು ಕೋರಿಕೆ. ಹಣ ಪಡೆದು ಹೊರಡುವ ಮುನ್ನ ಮನೆಯವರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ವೇಗವನ್ನು ನೂರು ನೂರಾಗಿ ಇಳಿಸಿ ತೋರಿಸಿ. ಎಲ್ಲಿ ಸ್ಕಿಮ್ಮರ್ ಸೋಲುತ್ತದೆ, ಎಲ್ಲಿ ಸೆಲ್ಲಿನ ದೀಪ ಆರುತ್ತದೆ, ಹೀಟರಿಗೆ ಎಷ್ಟು ಬೇಕು ಎಂದು ಕಾಗದದ ಮೇಲೆ ಬರೆದುಕೊಡಿ. ಅರ್ಧ ಗಂಟೆಯ ಕೆಲಸ. ನಮ್ಮ ಪಂಪಿನ ಗೋಡೆಗೆ ಅಂಟಿಸಿರುವ ಕಾಗದದಲ್ಲಿ ಸದ್ಯ 1700 ಎಂದಿದೆ, ಪಕ್ಕದಲ್ಲಿ ಫಿಲ್ಟರ್ ತೊಳೆದ ತಾರೀಖು. ಏಪ್ರಿಲ್‌ನಲ್ಲಿ ಮತ್ತೆ ತೊಳೆದ ದಿನ ಇನ್ನೊಮ್ಮೆ ಅಳೆಯಬೇಕು, 1600 ಸಾಕಾಗುತ್ತದೋ ನೋಡಬೇಕು.